ಎರಡನೇ ಪಂಕ್ತಿಯ ಸಂಗೀತ

ಮಾಸ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಊಟಕ್ಕೆ ಕೂತಿದ್ದೆ. ಶ್ರೀರಂಗಪಟ್ಟಣದಿಂದ ಅನ್ವರ್ ಸಾಬರು ಫೋನು ಮಾಡಿ ಒಂದೇ ಮಾತಿನಲ್ಲಿ ಹೇಳಿ ಇಟ್ಟುಬಿಟ್ಟರು. ತಟ್ಟೆಯಲ್ಲಿ ಅನ್ನ ಕಲಸಿಯಾಗಿತ್ತು. ಏಳಲಿಲ್ಲ, ತಿಂದೆ. ಇಂಥ ಸುದ್ದಿ ಕೇಳಿ ತುತ್ತು ಹೇಗೆ ಇಳಿಯಿತು ಎಂದು ನನ್ನ ಹೆಂಡತಿ ಕೇಳಿದಳು. ಅವರ ಸಂಗೀತವನ್ನು ನಾನು ಮೊದಲು ಕೇಳಿದ್ದೇ ಎಲೆಯ ಮುಂದೆ ಕೂತು. ಎದ್ದು ಹೋಗಿದ್ದರೆ ಅವರಿಗೇ ಬೇಸರವಾಗುತ್ತಿತ್ತು.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಯಾರಿಗೂ ಗುರುತು ಸಿಕ್ಕುವುದಿಲ್ಲ, ಏಕೆಂದರೆ ಪಾಂಡವಪುರದಿಂದ ನಾಗಮಂಗಲದವರೆಗೆ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಮಾಸ್ಟ್ರು ಎಂದೇ. ಮನೆಯ ಮುಂದೆ ನೇತುಹಾಕಿದ್ದ ತಗಡಿನ ಬೋರ್ಡಿನಲ್ಲೂ ಹೆಸರಿರಲಿಲ್ಲ. ‘ಸ್ಯಾಕ್ಸೋಫೋನ್ ಸೆಟ್, ನಾಲ್ಕು ಜನ, ಶುಭ ಕಾರ್ಯಗಳಿಗೆ’ ಎಂದಷ್ಟೇ ಇತ್ತು. ಆ ನಾಲ್ಕು ಜನರಲ್ಲಿ ನಾನೂ ಒಬ್ಬನಾಗಿದ್ದೆ ಎಂಬುದನ್ನು ನನ್ನ ಹಳೆಯ ಶಿಷ್ಯರು ನಂಬುವುದಿಲ್ಲ. ಅವರ ಲೆಕ್ಕದಲ್ಲಿ ನಾನು ಕೆ.ಆರ್. ಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು, ಕಿವಿ ಹಿಂಡಿ, ನಿವೃತ್ತನಾದ ಮನುಷ್ಯ.

ತೊಂಬತ್ತರ ದಶಕದ ಮೊದಲ ವರ್ಷಗಳು. ಬೂಕನಕೆರೆಯಲ್ಲಿ ಸಹೋದ್ಯೋಗಿಯೊಬ್ಬರ ತಂಗಿಯ ಮದುವೆ. ಮೊದಲ ಪಂಕ್ತಿಯಲ್ಲಿ ಗಂಡಿನ ಕಡೆಯವರು, ಹಿರಿಯರು, ಕೋಪ ಮಾಡಿಕೊಳ್ಳಲು ಹಕ್ಕಿರುವವರು ಕೂರುತ್ತಾರೆ. ಎರಡನೆಯದರಲ್ಲಿ ನಮ್ಮಂಥವರು. ಮೊದಲ ಪಂಕ್ತಿ ಮುಗಿಯುವವರೆಗೂ ವಾಲಗದವರು ಸಿನಿಮಾ ಹಾಡುಗಳನ್ನೇ ನುಡಿಸುತ್ತಿದ್ದರು, ನಾನೂ ಕೇಳಿಯೂ ಕೇಳದಂತೆ ಇದ್ದೆ. ಅನ್ನದ ಮೇಲೆ ಸಾರು ಬಿತ್ತು. ಅಷ್ಟರಲ್ಲಿ ಬಂದ ಸಂಗೀತ ನನಗೆ ಗೊತ್ತಿದ್ದ ಯಾವ ಹಾಡೂ ಅಲ್ಲ, ಗೊತ್ತಿದ್ದ ಯಾವ ರಾಗವೂ ಅಲ್ಲ. ಸ್ಯಾಕ್ಸೋಫೋನು ಒಂದು ಸಾಲು ಹೇಳಿ ನಿಲ್ಲುತ್ತಿತ್ತು, ಡೋಲು ಅದಕ್ಕೆ ಉತ್ತರ ಕೊಡದೆ ಬೇರೇನೋ ಕೇಳುತ್ತಿತ್ತು. ನನ್ನ ಕೈ ಅನ್ನದಲ್ಲೇ ನಿಂತುಹೋಯಿತು. ಪಕ್ಕದಲ್ಲಿದ್ದವರು, ಕಲ್ಲು ಸಿಕ್ಕಿತೇ ಎಂದು ವಿಚಾರಿಸಿದರು.

ಕೈ ತೊಳೆದವನೇ ಸೀದಾ ವಾಲಗದವರ ಜಮಖಾನದ ಹತ್ತಿರ ಹೋದೆ. ಐವತ್ತು ದಾಟಿದ, ಬಿಳಿ ಅಂಗಿ ತೊಟ್ಟ, ಮೀಸೆ ಬೋಳಿಸಿಕೊಂಡಿದ್ದ ವ್ಯಕ್ತಿ ವಾದ್ಯದ ನೀರು ಕೊಡವುತ್ತಿದ್ದರು. ಈಗ ನುಡಿಸಿದ್ದು ಯಾವುದು ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದೇ ಪ್ರಶ್ನೆ ಕೇಳಿದರು.

“ಸಾರಿಂದ ಕೇಳುದ್ರಾ, ಪಾಯಸದಿಂದ ಕೇಳುದ್ರಾ?”

ಸಾರಿನಿಂದ ಎಂದೆ. ಅವರ ಮುಖ ಅರಳಿತು. ಹಾಗಾದರೆ ಪೂರ್ತಿ ಕೇಳಿದ್ದೀರಿ, ಅದು ಸಾರಿನಲ್ಲೇ ಶುರುವಾಗುವುದು ಎಂದರು.

ಆ ಮನುಷ್ಯನ ಗುಟ್ಟು ಇಷ್ಟೇ. ಅವರು ಸ್ವಂತ ಸಂಗೀತ ಕಟ್ಟುತ್ತಿದ್ದರು. ಅದನ್ನು ಕೇಳುವವರು ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ. ಆದ್ದರಿಂದ ಜನ ಎಲೆಯ ಮೇಲೆ ಬಗ್ಗಿರುವ ಹೊತ್ತಿನಲ್ಲಿ, ಅದೂ ತಕರಾರು ಮಾಡುವವರೆಲ್ಲ ಉಂಡು ಎದ್ದ ಮೇಲೆ, ಎರಡನೇ ಪಂಕ್ತಿಯಲ್ಲಿ ಅದನ್ನು ಸೇರಿಸಿಬಿಡುತ್ತಿದ್ದರು. ಕಟ್ಟುವಾಗಲೂ ಬಡಿಸುವ ಕ್ರಮವನ್ನೇ ಲೆಕ್ಕ ಇಟ್ಟುಕೊಂಡಿರುತ್ತಿದ್ದರು. ಕೋಸಂಬರಿ ಪಲ್ಯಗಳ ಹೊತ್ತಿಗೆ ಚುರುಕಾದದ್ದು, ಏಕೆಂದರೆ ಬಡಿಸುವವರು ಓಡಾಡುತ್ತಿರುತ್ತಾರೆ. ಸಾರಿಗೆ ನಿಧಾನದ್ದು, ಜನ ಸೊರ್ರೆಂದು ಸುಮ್ಮನಾಗುತ್ತಾರೆ. ಮಜ್ಜಿಗೆಗೆ ಮುಗಿಸಬೇಕು. ಅವರ ಕೃತಿಗಳಿಗೆ ಬೇರೆ ಹೆಸರೂ ಇರಲಿಲ್ಲ. ದೊಡ್ಡ ಸಾರು, ಚಿಕ್ಕ ಸಾರು, ಮಾಕವಳ್ಳಿ ಪಾಯಸ ಎಂದು ನಾವು ಗುರುತು ಹೇಳಿಕೊಳ್ಳುತ್ತಿದ್ದೆವು.

ಹರೆಯದಲ್ಲಿ ಮಿಲಿಟರಿ ಬ್ಯಾಂಡಿಗೆ ಸೇರಿ ಉತ್ತರದ ಕಡೆ ಎಲ್ಲೆಲ್ಲೋ ಇದ್ದವರು ಅವರು. ಅಲ್ಲಿ ಗೋವೆಯ ಒಬ್ಬ ಮುದುಕ, ರಜೆಯ ದಿನ ಜಾಜ್ ಹೇಳಿಕೊಟ್ಟನಂತೆ. ಜಾಜ್ ಎಂದರೇನು ಎಂದು ನಾನು ಮೇಷ್ಟರ ಚಟದಿಂದ ವ್ಯಾಖ್ಯೆ ಕೇಳಿದೆ. ಅವರು ಸ್ವಲ್ಪ ಯೋಚಿಸಿ, ನಾಲೆ ಏರಿಯ ಮೇಲೆ ರಸ್ತೆ ಇದ್ದರೂ ಗದ್ದೆಯ ಬದುವಿನ ಮೇಲೆ ಇಳಿದು ನಡೆಯುವುದು, ಆದರೆ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಸ್ಟಾಪಿನಲ್ಲಿ ಇರುವುದು ಎಂದರು. ನಾನು ಇಪ್ಪತ್ತೆಂಟು ವರ್ಷ ಪಾಠ ಹೇಳಿದ್ದೇನೆ, ಇಷ್ಟು ಸಲೀಸಾದ ವ್ಯಾಖ್ಯೆ ಒಂದನ್ನೂ ಕೊಟ್ಟಿಲ್ಲ.

ಶಾಲೆಯ ಪ್ರಾರ್ಥನೆಗೆಂದು ನಾನು ಒಂದು ಕೀಬೋರ್ಡು ಇಟ್ಟುಕೊಂಡಿದ್ದೆ. ಅದನ್ನು ಹೇಳಿದ್ದೇ ತಪ್ಪಾಯಿತು. ಮುಂದಿನ ಭಾನುವಾರ ಬನ್ನಿ ಎಂದರು. ಕಿರಂಗೂರಿನ ಹತ್ತಿರ ಅವರ ಭಾವಮೈದುನನ ಆಲೆಮನೆ ಇತ್ತು. ಬೆಲ್ಲ ಬೇಯಿಸದ ತಿಂಗಳುಗಳಲ್ಲಿ ಅಲ್ಲಿ ಕೊಪ್ಪರಿಗೆಯನ್ನು ಮಗುಚಿ ಹಾಕಿ, ಅದರ ಸುತ್ತ ನಾವು ನಾಲ್ವರು ಕೂರುತ್ತಿದ್ದೆವು. ಗೋಡೆಗೆಲ್ಲ ಬೆಲ್ಲದ ವಾಸನೆ ಅಂಟಿಕೊಂಡಿತ್ತು. ಇರುವೆಗಳು ನನ್ನ ಕೀಬೋರ್ಡಿನೊಳಗೆ ಸಂಸಾರ ಹೂಡಿದ್ದವು.

ಉಳಿದ ಇಬ್ಬರನ್ನೂ ಹೇಳಿಬಿಡುತ್ತೇನೆ. ಅನ್ವರ್ ಸಾಬರು ಶ್ರೀರಂಗಪಟ್ಟಣದ ಮದುವೆ ಬ್ಯಾಂಡಿನಲ್ಲಿ ಯುಫೋನಿಯಂ ಊದುತ್ತಿದ್ದವರು. ಅದು ಮಗುವನ್ನು ಎತ್ತಿಕೊಂಡ ಹಾಗೆ ತೊಡೆಯ ಮೇಲಿಟ್ಟುಕೊಂಡು ಊದುವ ದೊಡ್ಡ ಹಿತ್ತಾಳೆ ವಾದ್ಯ, ದನಿ ನೆಲಮಾಳಿಗೆಯಿಂದ ಬಂದಂತಿರುತ್ತದೆ. ಸೈಕಲ್ಲಿನ ಕ್ಯಾರಿಯರಿಗೆ ಅದನ್ನು ಕಟ್ಟಿಕೊಂಡು ಬರುತ್ತಿದ್ದರು. ಇನ್ನೊಬ್ಬ ನಾಗಮಂಗಲದ ಕೆಂಪಯ್ಯ, ಡೋಲಿನವನು. ಅವನ ಕೈ ಎಷ್ಟು ಒಳ್ಳೆಯದೆಂದರೆ ಬೇರೆ ವಾಲಗದವರು ಅವನನ್ನು ಸೆಳೆಯಲು ಸದಾ ಹೊಂಚುಹಾಕುತ್ತಿದ್ದರು. ಅವನಿಗೆ ಒಂದೇ ಕಾಯಿಲೆ. ಹನ್ನೆರಡು ವರ್ಷದವನಿದ್ದಾಗಿನಿಂದ ಮದುವೆಗಳಲ್ಲಿ ಬಾರಿಸಿ ಬಾರಿಸಿ, ಯಾರಾದರೂ ಬೆರಳೆತ್ತಿ ಆಡಿಸಿದರೆ ಸಾಕು, ಪುರೋಹಿತರು ಗಟ್ಟಿಮೇಳಕ್ಕೆ ಸನ್ನೆ ಮಾಡಿದರೆಂದು ಅವನ ಕೈ ತಾನಾಗಿಯೇ ಏಳುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರು ಡ್ರೈವರಿಗೆ ಬೆರಳು ತೋರಿಸಿದರೆ ಇವನು ಮುಂದಿನ ಸೀಟಿನ ಬೆನ್ನಿಗೆ ಬಾರಿಸಿ ಬೈಸಿಕೊಳ್ಳುತ್ತಿದ್ದ. ನಾವು ಬೇಕೆಂದೇ ಬೆರಳಾಡಿಸಿ ಅವನನ್ನು ಗೋಳುಹೊಯ್ದುಕೊಳ್ಳುತ್ತಿದ್ದೆವು.

ಮಾಸ್ಟ್ರು ಹೇಳಿಕೊಡುವ ರೀತಿ ವಿಚಿತ್ರ. ಅವರು ತಮ್ಮ ಸಾಲು ನುಡಿಸುತ್ತಾರೆ, ಒಂದು ಕಡೆ ನಿಲ್ಲಿಸುತ್ತಾರೆ, ಎಡ ಭುಜವನ್ನು ನನ್ನ ಕಡೆ ತಿರುಗಿಸುತ್ತಾರೆ. ಅಲ್ಲಿಂದ ಅದು ನನ್ನ ಜಾಗ. ಏನು ನುಡಿಸಬೇಕೆಂದು ಹೇಳುವುದಿಲ್ಲ. ಮೂರು ತಿಂಗಳು ನಾನು ಆ ಜಾಗ ಬಂದಾಗಲೆಲ್ಲ ಬೆವರಿ ಸುಮ್ಮನೆ ಕೂತೆ. ಅವರು ಕಾಯುವಷ್ಟು ಕಾದು ಮುಂದಕ್ಕೆ ಹೋಗುತ್ತಿದ್ದರು, ಮುಖದಲ್ಲಿ ಒಂದು ಗೆರೆಯೂ ಇಲ್ಲದೆ. ಕೊನೆಗೆ ನಾನೇ ನಾಚಿ, ನನ್ನಿಂದಾಗುವುದಿಲ್ಲ, ಇನ್ನೊಬ್ಬರನ್ನು ನೋಡಿಕೊಳ್ಳಿ ಎಂದೆ.

“ಸುಮ್ನೆ ಕೂತಿದ್ರೂ ಅದು ನಿಮ್ದೇ ಜಾಗ ಸಾ,” ಎಂದರು. “ನಾನೇನ್ ಅದ್ರೊಳಕ್ಕೆ ಬರಾಕಿಲ್ಲ.”

ಅದರ ಮುಂದಿನ ಭಾನುವಾರ ನಾನು ಎರಡು ಸ್ವರ ನುಡಿಸಿದೆ. ಎರಡೇ. ಅನ್ವರ್ ಸಾಬರು ವಾದ್ಯ ಕೆಳಗಿಟ್ಟು ನನಗೆ ಕೈ ಕೊಟ್ಟರು.

ಸಿನಿಮಾ ಹಾಡನ್ನು ಮಾಸ್ಟ್ರು ಕೀಳಾಗಿ ಕಂಡದ್ದನ್ನು ನಾನು ನೋಡಿಲ್ಲ. ಅವರ ಮದುವೆ, ಅವರ ಹಾಡು ಎನ್ನುತ್ತಿದ್ದರು. ಮಾಕವಳ್ಳಿಯ ಒಂದು ಆರತಕ್ಷತೆಯಲ್ಲಿ ಗಂಡಿನ ಗೆಳೆಯರು ಒಂದೇ ಹಾಡನ್ನು ಒಂಬತ್ತು ಸಲ ಕೇಳಿದರು, ಒಂಬತ್ತು ಸಲವೂ ಮಾಸ್ಟ್ರು ಅದನ್ನು ಹೊಸದಾಗಿ ಕಲಿತವರಂತೆ ಶುದ್ಧವಾಗಿ ನುಡಿಸಿದರು. ನನಗೆ ಮೈ ಉರಿದುಹೋಗಿತ್ತು. ಅವತ್ತು ಬಸ್ಸಿನಲ್ಲಿ, ನಿಮಗೆ ಸಿಟ್ಟೇ ಬರುವುದಿಲ್ಲವೇ ಎಂದು ಕೇಳಿಬಿಟ್ಟೆ. ಅವರು ಕಿಟಕಿಯ ಆಚೆ ನೋಡುತ್ತ, ಸಿಟ್ಟಿಲ್ಲ, ಒಂದು ಆಸೆ ಇದೆ ಎಂದರು. ತಮ್ಮದನ್ನು ಜನ ಎಲೆಯ ಮೇಲೆ ಬಗ್ಗದೆ, ತಲೆಯೆತ್ತಿ, ಮೊದಲಿಂದ ಕೊನೆಯವರೆಗೆ ಒಂದೇ ಒಂದು ಸಲ ಕೇಳಬೇಕು. ಮೆಚ್ಚುವುದು ಬಿಡುವುದು ಆಮೇಲಿನ ಮಾತು.

ನನಗೆ ಅವತ್ತು ಅದು ತುಂಬ ಸಣ್ಣ ಆಸೆ ಎನ್ನಿಸಿತು. ಸಣ್ಣ ಆಸೆಗಳೇ ಈಡೇರುವುದು ಕಷ್ಟ ಎಂಬುದು ಗೊತ್ತಾಗಲು ನನಗೆ ಐದಾರು ವರ್ಷ ಬೇಕಾಯಿತು. ಸಂಘ ಸಂಸ್ಥೆಯವರನ್ನು ಕೇಳಿದೆವು, ಚಿತ್ರಗೀತೆ ಇದ್ದರೆ ಹೇಳಿ ಎಂದರು. ಶಾಸ್ತ್ರೀಯ ಸಂಗೀತದವರು, ಇದು ಯಾವ ಮೇಳಕರ್ತ ಎಂದು ಕೇಳಿ ನಕ್ಕರು. ಮಾಸ್ಟ್ರು ಹೆಚ್ಚು ಹಚ್ಚಿಕೊಳ್ಳಲಿಲ್ಲ, ಎರಡನೇ ಪಂಕ್ತಿಗೆ ಕಾಯುತ್ತಿದ್ದರು. ಎರಡು ಪಂಕ್ತಿಗೂ ನುಡಿಸಿ, ಎಲ್ಲರದೂ ಆದ ಮೇಲೆ ತಾವು ಕೂತರೆ, ಸಾರು ಆರಿ ತಣ್ಣಗಾಗಿರುತ್ತಿತ್ತು. ಅದನ್ನು ಅವರು ಬಿಸಿಯದೆಂಬಂತೆ ಊದಿ ಊದಿ ಕುಡಿಯುತ್ತಿದ್ದರು. ಊದುವುದು ಅಭ್ಯಾಸವಾಗಿಬಿಟ್ಟಿತ್ತೋ ಏನೋ.

ದಶಕ ಮುಗಿಯುತ್ತ ಬಂದಿರುವಾಗ ಅವರ ಹಲ್ಲು ಅಲುಗಾಡತೊಡಗಿತು. ಸ್ಯಾಕ್ಸೋಫೋನಿನವರಿಗೆ ಮೇಲಿನ ಎರಡು ಮುಂಹಲ್ಲು ಎಂದರೆ ಬಡಗಿಗೆ ಹೆಬ್ಬೆರಳು ಇದ್ದ ಹಾಗೆ. ವಾದ್ಯದ ಮೂತಿಯನ್ನು ಹಿಡಿದು ನಿಲ್ಲಿಸುವುದೇ ಅವು. ನಮಗೆ ಯಾರಿಗೂ ತಿಳಿಸದೆ ಎಷ್ಟು ತಿಂಗಳು ನುಡಿಸಿದರೋ. ಮುದ್ದೆ ನುಂಗುವವರಾದ್ದರಿಂದ ಊಟದಲ್ಲಿ ಗೊತ್ತಾಗಲಿಲ್ಲ. ಆಲೆಮನೆಯಲ್ಲಿ ಒಂದು ದಿನ ಕಬ್ಬು ಕೊಟ್ಟರೆ ಬೇಡವೆಂದರು, ಆಗ ನನಗೆ ಅನುಮಾನ ಬಂತು. ಪೇಟೆಯ ಹಲ್ಲಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ನೋಡಿ, ಎರಡರ ಬೇರೂ ಸಡಿಲವಾಗಿದೆ, ಪಕ್ಕದವೂ ಅದೇ ದಾರಿಯಲ್ಲಿವೆ, ಕೀಳಿಸಿ ಕಟ್ಟಿಸಿಕೊಳ್ಳಿ ಎಂದರು. ಕಟ್ಟಿಸಿಕೊಂಡ ಹಲ್ಲಿನಲ್ಲಿ ಊದಬಹುದೇ ಎಂದು ಕೇಳಿದರೆ, ಮಾತಾಡಬಹುದು, ನಗಬಹುದು ಎಂದರು.

ಮಾಸ್ಟ್ರು ಎರಡು ತಿಂಗಳು ಗಡುವು ಕೇಳಿದರು. ಡಾಕ್ಟರು, ಗಡುವು ಕೊಡಬೇಕಾದದ್ದು ನಾನಲ್ಲ, ಹಲ್ಲು ಎಂದರು. ಹೊರಗೆ ಬಂದ ಮೇಲೆ ಮಾಸ್ಟ್ರು, ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತಾರೆ, ನಾನು ಎರಡೂ ಇರುವಾಗಲೇ ನೋಡಿಬಿಡುತ್ತೇನೆ ಎಂದು ನಕ್ಕರು. ಕಡಲೆ ಎಂದರೆ ಅವರು ಆಗ ಕಟ್ಟುತ್ತಿದ್ದ ಹೊಸ ಕೃತಿ. ಅದು ಇಪ್ಪತ್ತು ನಿಮಿಷದ್ದು, ಯಾವ ಪಂಕ್ತಿಗೂ ಹೊಂದುವುದಿಲ್ಲ. ಕೋಸಂಬರಿಗೆ ಶುರುಮಾಡಿದರೆ ಎಲೆ ಎತ್ತಿ ಸಾರಿಸಿದ ಮೇಲೂ ಮುಗಿಯುವುದಿಲ್ಲ. ಅವರು ಮೊದಲ ಬಾರಿಗೆ ಊಟವನ್ನು ಮರೆತು ಕಟ್ಟಿದ್ದರು. ಅದನ್ನು ಕೇಳಲೆಂದೇ ಜನ ಬಂದು ಕೂರಬೇಕಿತ್ತು.

ಆಗ ನಾನು ಒಂದು ಸುಳ್ಳು ಹೇಳಿದೆ. ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ನಮ್ಮ ಹೆಡ್‌ಮಾಸ್ಟರ ಹತ್ತಿರ ಹೋಗಿ, ಭಾನುವಾರ ಸಂಜೆ ನಾಲ್ಕಕ್ಕೆ ಶಾಲೆಯ ಹಾಲಿನಲ್ಲಿ ಸ್ಯಾಕ್ಸೋಫೋನ್ ಕಾರ್ಯಕ್ರಮ, ಚಿತ್ರಗೀತೆಗಳೂ ಉಂಟು ಎಂದೆ. ಹಾಗೆಯೇ ಕಾಗದದ ಮೇಲೆ ಬರೆದು ಬಸ್‌ ಸ್ಟ್ಯಾಂಡಿನ ಹೋಟೆಲಿಗೂ ಅಂಟಿಸಿದೆ. ಚಿತ್ರಗೀತೆಯ ಮಾತು ಮಾಸ್ಟ್ರಿಗೆ ಗೊತ್ತಿರಲಿಲ್ಲ.

ಇಲ್ಲೇ ಮುಂದಿನದನ್ನು ಹೇಳಿಬಿಡುತ್ತೇನೆ. ಆ ಭಾನುವಾರದ ನಂತರ ಅವರು ಸ್ಯಾಕ್ಸೋಫೋನು ನುಡಿಸಲಿಲ್ಲ. ಮಾರನೆಯ ದಿನವೇ ಡಾಕ್ಟರ ಹತ್ತಿರ ಹೋದರು. ಕಟ್ಟಿಸಿಕೊಂಡ ಹಲ್ಲಿನಲ್ಲಿ ಒಂದು ಸಲ ಪ್ರಯತ್ನಿಸಿ, ಸೆಟ್ಟು ಕಳಚಿ ಕೈಗೆ ಬಂದಾಗ, ವಾದ್ಯವನ್ನು ಒರೆಸಿ ಪೆಟ್ಟಿಗೆಗೆ ಹಾಕಿದರು. ಆಮೇಲೆ ಎಷ್ಟೋ ವರ್ಷ ಬದುಕಿದರು, ಕೊರಗಿದ್ದನ್ನು ನಾನು ಕಾಣೆ. ಮದುವೆಗಳಿಗೆ ಬರುತ್ತಿದ್ದರು, ಧೈರ್ಯವಾಗಿ ಮೊದಲ ಪಂಕ್ತಿಯಲ್ಲೇ ಕೂತು ಬಿಸಿಬಿಸಿಯಾಗಿ ಉಣ್ಣುತ್ತಿದ್ದರು. ಯಾರ ವಾಲಗವಾದರೂ ಸರಿ, ಮುಗಿಯುವವರೆಗೂ ಎಲೆಯಿಂದ ಏಳುತ್ತಿರಲಿಲ್ಲ. ಬಡಿಸುವವರು ಬೈದುಕೊಳ್ಳುತ್ತಿದ್ದರು.

ಆ ಭಾನುವಾರ ಐವತ್ತು ಅರವತ್ತು ಜನ ಸೇರಿದ್ದರು. ಮೇಷ್ಟರುಗಳು, ಅವರ ಸಂಸಾರಗಳು, ಪೇಟೆಯ ಕೆಲವರು. ಮುಂದಿನ ಸಾಲಿನಲ್ಲಿ ಬೆತ್ತದ ಕುರ್ಚಿ ಹಾಕಿಸಿಕೊಂಡು ಹೆಡ್‌ಮಾಸ್ಟರ ಮಾವನವರು, ಎಂಬತ್ತರ ಆಸುಪಾಸಿನ ಯಜಮಾನರು, ಕೋಲಿನ ಮೇಲೆ ಗಲ್ಲ ಊರಿ ಕೂತಿದ್ದರು. ದೀಪ ಹಚ್ಚಿದ್ದಾಯಿತು, ಹೂವಿನ ತಟ್ಟೆ ಪಕ್ಕದಲ್ಲಿತ್ತು. ಮಾಸ್ಟ್ರು ಜನರಿಗೆ ಏನೂ ಹೇಳದೆ, ಒಂದು ಸಲ ನಮ್ಮ ಮೂವರನ್ನು ನೋಡಿ ಶುರುಮಾಡಿದರು.

ಮೊದಲ ಐದು ನಿಮಿಷ ನಾನು ಜನರನ್ನೇ ನೋಡುತ್ತಿದ್ದೆ. ಹೆಡ್‌ಮಾಸ್ಟರು ಗಡಿಯಾರ ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ಪಿಸುಮಾತು ಶುರುವಾಗಿತ್ತು, ಇಬ್ಬರು ಎದ್ದು ಹೋದರು. ಅಷ್ಟರಲ್ಲಿ ಕೃತಿಯ ನಡುವಿನ ಭಾಗ ಬಂತು. ಅಲ್ಲಿ ಡೋಲಿಲ್ಲ, ಯುಫೋನಿಯಂ ಇಲ್ಲ. ನಾನು ಒಂದೇ ಸ್ವರವನ್ನು ಒತ್ತಿ ಹಿಡಿದಿರಬೇಕು, ಅದರ ಮೇಲೆ ಮಾಸ್ಟ್ರು ಉಸಿರಿಗಿಂತ ಸ್ವಲ್ಪವೇ ಜೋರಾಗಿ ನುಡಿಸಬೇಕು. ಮಾಡಲು ಕೆಲಸವಿಲ್ಲದೆ ಕೆಂಪಯ್ಯ ಡೋಲಿನ ಮೇಲೆ ಕೈಯಿಟ್ಟುಕೊಂಡು ಜನರನ್ನು ನೋಡುತ್ತ ಕೂತ. ಆಗ ಪಶ್ಚಿಮದ ಕಿಟಕಿಯಿಂದ ಬಿಸಿಲು ಯಜಮಾನರ ಕಣ್ಣಿಗೆ ಬಿತ್ತು. ಅವರು ಕಿಟಕಿಯ ಪಕ್ಕ ಕೂತಿದ್ದ ಮಗಳಿಗೆ ಕಿಟಕಿ ಹಾಕಮ್ಮ ಎಂದು ಬೆರಳೆತ್ತಿ ಆಡಿಸಿದರು.

ಕೆಂಪಯ್ಯ ಡೋಲು ಒಡೆದುಹೋಗುವಂತೆ ಗಟ್ಟಿಮೇಳ ಬಾರಿಸಿದ. ಅನ್ವರ್ ಸಾಬರಿಗೂ ಅದೇ ಅಭ್ಯಾಸವಲ್ಲವೇ, ಅವರೂ ಎತ್ತಿಕೊಂಡು ಊದಿದರು. ಇಡೀ ಹಾಲು ದಿಗ್ಗನೆ ಎದ್ದು ನಿಂತಿತು. ಗಟ್ಟಿಮೇಳ ಕೇಳಿದ ಮೇಲೆ ಕೂತಿರುವ ಜನ ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಕೆಲವರು ಅಕ್ಷತೆಗೆಂದು ಖಾಲಿ ಮುಷ್ಟಿ ಬಿಗಿಹಿಡಿದರು. ಹೆಡ್‌ಮಾಸ್ಟರ ಹೆಂಡತಿ ದೀಪದ ಪಕ್ಕದ ತಟ್ಟೆಯಿಂದ ಹೂವು ಬಾಚಿ ನಮ್ಮ ಮೇಲೆ ಹಾಕಿಯೇಬಿಟ್ಟರು. ಯಾರೋ ಹುಡುಗಿ ಕಿಸಕ್ಕನೆ ನಕ್ಕಳು. ಕೆಂಪಯ್ಯನಿಗೆ ಎಚ್ಚರವಾಗಿ ಕೈಗಳು ಗಾಳಿಯಲ್ಲೇ ನಿಂತವು, ಅವನ ಮುಖ ನೋಡಲಾಗುತ್ತಿರಲಿಲ್ಲ.

ನನ್ನ ಬಗ್ಗೆ ನಾನು ಹೇಳಲೇಬೇಕಾದ ಮಾತು ಇದು. ಆ ಗಳಿಗೆಯಲ್ಲಿ ನನ್ನ ಬೆರಳುಗಳು ಎಲ್ಲರಿಗೂ ಗೊತ್ತಿದ್ದ ಒಂದು ಸಿನಿಮಾ ಹಾಡಿನ ಮೊದಲ ಸ್ವರಗಳ ಮೇಲೆ ಹೋಗಿ ಕೂತಿದ್ದವು. ಮಾನ ಉಳಿದರೆ ಸಾಕು ಎನ್ನಿಸಿತ್ತು. ಮಾಸ್ಟ್ರು ನನ್ನ ಕೈಯನ್ನೇ ನೋಡುತ್ತಿದ್ದರು. ಬೇಡ ಎಂದು ತಲೆಯಾಡಿಸಿದರು, ಎಡ ಭುಜವನ್ನು ನನ್ನ ಕಡೆ ತಿರುಗಿಸಿದರು. ನಾನು ಆ ಒಂದೇ ಸ್ವರವನ್ನು ಮತ್ತೆ ಒತ್ತಿ ಹಿಡಿದೆ. ಅವರು ಆ ಮೆತ್ತನೆಯ ಭಾಗವನ್ನು ಮೊದಲಿನಿಂದ ಶುರುಮಾಡಿದರು.

ಯಾರೂ ಕೂರಲಿಲ್ಲ. ಮೊದಲು ಯಾರು ಕೂರಬೇಕೆಂದು ಯಾರಿಗೂ ತಿಳಿಯಲಿಲ್ಲ ಎಂದೇ ನನ್ನ ಊಹೆ. ಮುಹೂರ್ತಕ್ಕೆ ಎದ್ದವರು ಹಿರಿಯರು ಕೂರುವವರೆಗೆ ನಿಲ್ಲುತ್ತಾರೆ, ಹಿರಿಯ ಯಜಮಾನರೋ ಕೋಲೂರಿಕೊಂಡು ನಿಂತೇ ಇದ್ದರು. ನಿಂತವರು ಮಾತಾಡಲಿಲ್ಲ, ಏಕೆಂದರೆ ತಾಳಿ ಕಟ್ಟುವಾಗ ಮಾತಾಡುವುದಿಲ್ಲ. ಮಾತಾಡದೆ ನಿಂತ ಮನುಷ್ಯ ಎಷ್ಟು ಹೊತ್ತು ಕೇಳಿಸಿಕೊಳ್ಳದೆ ಇರುತ್ತಾನೆ? ಸ್ವಲ್ಪ ಹೊತ್ತಿಗೆ ಮುಖಗಳು ಬದಲಾದವು. ಹೆಡ್‌ಮಾಸ್ಟರು ಗಡಿಯಾರವಿದ್ದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ನನ್ನ ಜಾಗ ಬಂದಾಗ ನಾನು ಯಾವ ಹೆದರಿಕೆಯೂ ಇಲ್ಲದೆ ನುಡಿಸಿದೆ. ಅಷ್ಟು ಸಂತೋಷವನ್ನು ನಾನು ಆಮೇಲೆ ಕಂಡಿಲ್ಲ.

ಮುಗಿಯಲು ಮೂರು ನಾಲ್ಕು ನಿಮಿಷ ಇರುವಾಗ ಒಂದು ಸ್ವರ ಜಾರಿತು. ಮಾಸ್ಟ್ರು ಗೋಡೆಯ ಕಡೆ ತಿರುಗಿ ಬಾಯಿಗೆ ಕರ್ಚೀಫು ಒಡ್ಡಿ, ಮತ್ತೆ ಈ ಕಡೆ ತಿರುಗಿ ಮುಂದುವರಿಸಿದರು. ವಾದ್ಯದ ಮೂತಿಯ ಮೇಲೆ ರಕ್ತ ಕಂಡಿತು. ಕೊನೆಯ ಸ್ವರದವರೆಗೂ ನುಡಿಸಿ ಕೆಳಗಿಳಿಸಿದರು. ಚಪ್ಪಾಳೆ ಬರಲಿಲ್ಲ. ಅಲ್ಲಿ ನಿಂತಿದ್ದವರಿಗೆ ಅದು ಚಪ್ಪಾಳೆಯ ಹೊತ್ತು ಅನ್ನಿಸಿರಲಿಕ್ಕಿಲ್ಲ.

ಯಜಮಾನರು ಕೋಲೂರಿಕೊಂಡು ನಮ್ಮ ಹತ್ತಿರ ಬಂದರು. ಇದು ಯಾವ ಪಿಚ್ಚರಿನದು ಎಂದು ಕೇಳಿದರು. ಮಾಸ್ಟ್ರು ಕರ್ಚೀಫಿನ ಸಂದಿಯಿಂದ, ಪಿಚ್ಚರಿನದಲ್ಲ, ನನ್ನದೇ ಎಂದರು. ಯಜಮಾನರು ಕೋಲನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಊರಿದರು.

“ಅಂಗಾರೆ ಇನ್ನೊಂದ್ ಕಿತ ನುಡ್ಸಪ್ಪ. ನಡುಮಧ್ಯ ಏನೋ ಗಲಾಟೆ ಆಗೋಯ್ತು, ಸರ್ಯಾಗ್ ಕೇಳಿಸ್ಲಿಲ್ಲ.”

ಗಲಾಟೆ ಯಾರಿಂದ ಆಯಿತೆಂದು ಅವರಿಗೆ ಹೇಳುವ ಧೈರ್ಯ ನಮಗೆ ಯಾರಿಗೂ ಇರಲಿಲ್ಲ. ಒಂಬತ್ತು ಸಲ, ಹತ್ತು ಸಲ ಬೇರೆಯವರ ಹಾಡು ನುಡಿಸಿಕೊಟ್ಟ ಮನುಷ್ಯನನ್ನು ಅವನದೇ ಸಂಗೀತ ಮತ್ತೊಮ್ಮೆ ನುಡಿಸು ಎಂದು ಜೀವಮಾನದಲ್ಲಿ ಕೇಳಿದವರು ಅವರೊಬ್ಬರೇ.

“ಬ್ಯಾಡಿ ಮಾಸ್ಟ್ರೆ, ಖೂನ್ ಬರ್ತಾ ಐತೆ,” ಎಂದರು ಅನ್ವರ್ ಸಾಬರು.

ಮಾಸ್ಟ್ರು ಕರ್ಚೀಫಿನಲ್ಲಿದ್ದ, ಉದುರಿದ ಹಲ್ಲನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ವಾದ್ಯದ ಮೂತಿಯನ್ನು ಒರೆಸಿ, ಬಾಯಿಯ ಬಲಗಡೆ, ಇನ್ನೂ ಗಟ್ಟಿಯಾಗಿದ್ದ ಹಲ್ಲಿನ ಕೆಳಗೆ ಹಿಡಿದು ನೋಡಿದರು. ಸದ್ದು ಬಂತು, ಗಾಳಿಯೂ ಸೋರುತ್ತಿತ್ತು. ಆಮೇಲೆ ಅದನ್ನು ತೆಗೆದು, ಇನ್ನೂ ನಿಂತೇ ಇದ್ದ ಜನರ ಕಡೆ ತಿರುಗಿದರು. ಕೇಳುವವರ ಜೊತೆ ಅವರು ಮಾತಾಡಿದ್ದನ್ನು ನಾನು ನೋಡಿದ್ದು ಆವತ್ತೇ.

“ಎಲ್ಲಾರೂ ಕೂತ್ಕಳಿ. ವಸಿ ಉದ್ದ ಐತೆ.”

ಜನ ಕುರ್ಚಿಗಳನ್ನು ಎಳೆದುಕೊಂಡು ಹತ್ತಿರಕ್ಕೆ ಬಂದು ಕೂತರು. ಯಜಮಾನರು ಎರಡು ಕೈಯನ್ನೂ ಕೋಲಿನ ಮೇಲೆ ಭದ್ರವಾಗಿ ಇಟ್ಟುಕೊಂಡರು. ಕೆಂಪಯ್ಯ ಯಾರ ಬೆರಳೂ ಕಾಣದ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಡೋಲಿಗೆ ಕೈಯಿಟ್ಟ.